ಮುಪ್ಪು ಮತ್ತು ಜ್ಞಾನದಾಸೋಹ

ಬಾಲ್ಯವು ಕಲಿಯುವುದಕ್ಕೆ, ಯೌವನವು ದುಡಿಯುವುದಕ್ಕೆ, ಮುಪ್ಪು ವಿಶ್ರಮಿಸುವುದಕ್ಕೆ ಎಂಬ ಹಂಚಿಕೆಯು ಲೋಕದಲ್ಲಿ ಬಹುಕಾಲದಿಂದ ರೂಢಿಯಾಗಿರುವುದು. ಮೇಲ್ನೋಟಕ್ಕೆ ಇದು ನ್ಯಾಯವಾಗಿಯೂ ತೋರುವುದು. ಜೀವಮಾನವೆಲ್ಲ ದುಡಿದು ದಣಿದ ದೇಹಕ್ಕೆ ವಿಶ್ರಾಂತಿಯನ್ನು ಬೇಡವೆನ್ನುವವರು ಯಾರು? ಆದರೆ ಶರಣರ ನಡೆನುಡಿಗಳ ಬೆಳಕಿನಲ್ಲಿ ವಿಚಾರಿಸಿದರೆ ಈ ಹಂಚಿಕೆಯಲ್ಲಿ ಒಂದು ದೊಡ್ಡ ದೋಷವು ಕಂಡುಬರುವುದು. ದೇಹದ ದುಡಿಮೆಗೆ ವಿರಾಮವುಂಟು, ಅರಿವಿಗೆ ವಿರಾಮವಿಲ್ಲ. ಭಕ್ತಸ್ಥಲದಿಂದ ಐಕ್ಯಸ್ಥಲದವರೆಗೆ ಸಾಧಕನು ಏರಬೇಕಾದ ಮೆಟ್ಟಿಲುಗಳನ್ನು ಹೇಳಿದ ಷಟ್‌ಸ್ಥಲಸಿದ್ಧಾಂತವು, ಅರುವತ್ತು ವರ್ಷವಾದವನು ನಡುಮೆಟ್ಟಿಲಿನಲ್ಲಿ ಕುಳಿತುಬಿಡಲಿ ಎಂದು ಎಲ್ಲಿಯೂ ಹೇಳಲಿಲ್ಲ. ಕೊನೆಯ ಉಸಿರಿನವರೆಗೂ ಏರುವುದೇ ಅದರ ತಾತ್ಪರ್ಯವು. ಹೀಗಿರಲು ಮುಪ್ಪಿನವರಿಗೆ ಕಲಿಯುವ ಸ್ಥಳವೂ ಕಲಿಸುವ ಸ್ಥಳವೂ ಊರಿನಲ್ಲಿ ಇರಬೇಕೋ ಬೇಡವೋ ಎಂಬುದು ಪ್ರತಿಯೊಬ್ಬ ಗೃಹಸ್ಥನು ಯೋಚಿಸತಕ್ಕ ವಿಷಯವಾಗಿದೆ.

ಇಂದಿನ ಸದ್ಭಕ್ತರ ಮನೆಗಳಲ್ಲಿ ಹಿರಿಯರಿಗೆ ಗೌರವವಿಲ್ಲವೆಂದು ಹೇಳಿದರೆ ಅದು ಸುಳ್ಳಾಗುವುದು. ಬಹುಮಂದಿ ಮಕ್ಕಳು ಹೊತ್ತಿಗೆ ಸರಿಯಾಗಿ ಊಟವನ್ನಿಕ್ಕುವರು, ಔಷಧವನ್ನು ತಂದುಕೊಡುವರು, ಹಬ್ಬಕ್ಕೆ ಹೊಸಬಟ್ಟೆ ತರುವರು, ಊರಿಗೆ ಹೊರಡುವಾಗ ಪಾದಮುಟ್ಟಿ ನಮಸ್ಕರಿಸುವರು. ಇಷ್ಟೆಲ್ಲ ಇದ್ದರೂ ಒಂದು ಮಾತ್ರ ಇಲ್ಲ. ಬೆಳಗಿನಿಂದ ಬೈಗಿನವರೆಗೆ ಆ ಹಿರಿಯರನ್ನು ಯಾರೂ ಒಂದು ಪ್ರಶ್ನೆಯನ್ನು ಕೇಳುವುದಿಲ್ಲ. ಹೊಲದಲ್ಲಿ ಏನು ಬಿತ್ತಬೇಕೆಂಬುದು ಅವರಿಗೆ ತಿಳಿಯದೆ ನಿಶ್ಚಯವಾಗುವುದು. ಮೊಮ್ಮಗಳ ಸಂಬಂಧವು ಕೂಡಿಬಂದ ಸುದ್ದಿಯು ವೀಳ್ಯದ ದಿನ ತಿಳಿಯುವುದು. ನಮಸ್ಕಾರವು ಪಾದಕ್ಕೆ ಸಲ್ಲುವುದು, ಮಾತಿಗೆ ಕಿವಿಯು ಸಿಕ್ಕುವುದಿಲ್ಲ. ಮೂರ್ತಿಯನ್ನು ಪೂಜಿಸಿ ಗುಡಿಯ ಬಾಗಿಲನ್ನು ಮುಚ್ಚಿದಂತೆ ಹಿರಿಯರನ್ನು ಪೂಜಿಸಿ ಪಡಸಾಲೆಯ ಮೂಲೆಯಲ್ಲಿ ಕೂರಿಸುವುದು ಶರಣಮಾರ್ಗವಲ್ಲ. ಸ್ಥಾವರಕ್ಕಿಂತ ಜಂಗಮವನ್ನು ದೊಡ್ಡದೆಂದವರು ಶರಣರು. ಮನೆಯ ಹಿರಿಯ ಜೀವವನ್ನೇ ಸ್ಥಾವರವನ್ನಾಗಿ ಮಾಡಿದ ಮೇಲೆ ಆ ತತ್ತ್ವದ ಮಾತನ್ನು ಆಡಿ ಫಲವೇನು?

ಇನ್ನು ಮಕ್ಕಳು ದೂರದಲ್ಲಿರುವ ಮನೆಗಳ ಸ್ಥಿತಿಯು ಬೇರೆ. ಒಬ್ಬ ಮಗನು ಬೆಂಗಳೂರಿನಲ್ಲಿ, ಇನ್ನೊಬ್ಬನು ಪುಣೆಯಲ್ಲಿ, ಮಗಳು ಹೊರದೇಶದಲ್ಲಿ. ಹಳ್ಳಿಯ ದೊಡ್ಡ ಮನೆಯಲ್ಲಿ ಮುದುಕ ಮುದುಕಿಯರಿಬ್ಬರು. ಕೆಲವು ಕಾಲದ ಮೇಲೆ ಇಬ್ಬರಲ್ಲಿ ಒಬ್ಬರು ಲಿಂಗೈಕ್ಯರಾದರೆ ಉಳಿದವರಿಗೆ ಗೋಡೆಯೇ ಜೊತೆ. ದೂರದರ್ಶನದ ಪೆಟ್ಟಿಗೆಯು ಹಗಲಿರುಳು ಮಾತನಾಡುವುದು, ಆದರೆ ಕೇಳಿದ್ದಕ್ಕೆ ಉತ್ತರ ಕೊಡದು. ಊರು ಹೋಗೆನ್ನುತ್ತದೆ, ಕಾಡು ಬಾ ಎನ್ನುತ್ತದೆ ಎಂಬ ಗಾದೆಯನ್ನು ಹಳ್ಳಿಯ ಮುದುಕರು ನಗುತ್ತ ಹೇಳುವರು. ಆ ನಗೆಯ ಹಿಂದಿನ ನೋವು ಕೇಳುವವರಿಗೆ ತಿಳಿಯಬೇಕು. 2011ರ ಜನಗಣತಿಯಂತೆ ಭಾರತದಲ್ಲಿ ಅರುವತ್ತು ವರ್ಷ ಮೀರಿದವರ ಸಂಖ್ಯೆಯು ಹತ್ತು ಕೋಟಿಯನ್ನು ದಾಟಿತ್ತು. ಇಷ್ಟು ದೊಡ್ಡ ಸಮೂಹದ ಅನುಭವವು ಮಾತಿಲ್ಲದೆ ಮೂಲೆಯಲ್ಲಿ ಕುಳಿತರೆ ನಷ್ಟವು ಆ ಹಿರಿಯರಿಗೆ ಮಾತ್ರವಲ್ಲ, ಸಮಸ್ತ ಸಮಾಜಕ್ಕೂ ಉಂಟು.

ಇದಕ್ಕೆ ಪರಿಹಾರವನ್ನು ಹುಡುಕುತ್ತ ದೂರ ಹೋಗಬೇಕಾದ ಅವಶ್ಯಕತೆಯಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಶರಣರು ಕೂಡಿ ನಡೆಸಿದ ಅನುಭವಗೋಷ್ಠಿಯೇ ಇದರ ಮಾದರಿಯಾಗಿದೆ. ಅಲ್ಲಿಗೆ ಬಂದವರು ಯಾರು? ಅಂಬಿಗರ ಚೌಡಯ್ಯನು ದೋಣಿ ನಡೆಸುವವನು, ಮಡಿವಾಳ ಮಾಚಯ್ಯನು ಬಟ್ಟೆ ಒಗೆಯುವವನು, ನುಲಿಯ ಚಂದಯ್ಯನು ಹಗ್ಗ ಹೊಸೆಯುವವನು. ಅವರೆಲ್ಲರೂ ಹಗಲೆಲ್ಲ ದುಡಿಯುವ ಗೃಹಸ್ಥರು. ಬಾಲ್ಯದಲ್ಲಿ ಪಾಠಶಾಲೆಯ ಮೆಟ್ಟಿಲನ್ನು ಹತ್ತಿದವರು ಎಷ್ಟು ಮಂದಿ ಇದ್ದಾರು? ಆದರೂ ಅವರು ಬೆಳೆದ ವಯಸ್ಸಿನಲ್ಲಿ ಕೂಡಿ ಕುಳಿತು ಕೇಳಿದರು, ಹೇಳಿದರು, ಒಬ್ಬರನ್ನೊಬ್ಬರು ತಿದ್ದಿದರು. ಈಗಿನವರು ವಯಸ್ಕರ ಶಿಕ್ಷಣವೆಂದು ಕರೆಯುವ ಕಾರ್ಯವು ಈ ನಾಡಿನಲ್ಲಿ ಎಂಟುನೂರು ವರ್ಷಗಳ ಹಿಂದೆಯೇ ನಡೆದುದು ಹೀಗೆ.

ಆ ಗೋಷ್ಠಿಯ ಮುಖ್ಯ ಗುಣವನ್ನು ತಿಳಿಯಬೇಕಾದರೆ ಸೊನ್ನಲಿಗೆಯ ಸಿದ್ಧರಾಮನ ಚರಿತ್ರೆಯನ್ನು ನೆನೆಯಬೇಕು. ಇಂದಿನ ಸೊಲ್ಲಾಪುರವೇ ಅಂದಿನ ಸೊನ್ನಲಿಗೆ. ಅಲ್ಲಿ ಸಿದ್ಧರಾಮನು ಕೆರೆಯನ್ನು ಕಟ್ಟಿಸಿದನು, ದೇವಾಲಯಗಳನ್ನು ನಿಲ್ಲಿಸಿದನು, ಅಪಾರ ಶಿಷ್ಯಸಮೂಹಕ್ಕೆ ಗುರುವಾಗಿದ್ದನು. ಕೀರ್ತಿಗೆ ಏನೂ ಕೊರತೆಯಿರಲಿಲ್ಲ. ಹೀಗಿದ್ದವನು ಅಲ್ಲಮಪ್ರಭುವಿನ ಮಾತಿನಿಂದ ಎಚ್ಚತ್ತು ಕಲ್ಯಾಣಕ್ಕೆ ಬಂದು, ಚೆನ್ನಬಸವಣ್ಣನಿಂದ ಇಷ್ಟಲಿಂಗದೀಕ್ಷೆಯನ್ನು ಪಡೆದನೆಂದು ಶೂನ್ಯಸಂಪಾದನೆಯು ನಿರೂಪಿಸುವುದು. ಚೆನ್ನಬಸವಣ್ಣನು ವಯಸ್ಸಿನಲ್ಲಿ ಕಿರಿಯನು. ಸಾವಿರಾರು ಜನರ ಗುರುವು ಕಿರಿಯನ ಮುಂದೆ ಕೈಯೊಡ್ಡಿ ನಿಂತನು! ಕಲಿಯುವ ಮನಸ್ಸಿದ್ದವನಿಗೆ ತನ್ನ ವಯಸ್ಸು ಅಡ್ಡ ಬಾರದು, ಕಲಿಸುವವನ ವಯಸ್ಸೂ ಅಡ್ಡ ಬಾರದು ಎಂಬುದಕ್ಕೆ ಇದಕ್ಕಿಂತ ಮಿಗಿಲಾದ ದೃಷ್ಟಾಂತವು ಬೇಕೇ? ಮೊಮ್ಮಗನಿಂದ ದೂರವಾಣಿಯ ಬಳಕೆಯನ್ನು ಕಲಿಯುವುದಕ್ಕೆ ನಾಚುವ ಅಜ್ಜನು ಈ ಪ್ರಸಂಗವನ್ನು ಒಮ್ಮೆ ಮನನ ಮಾಡಬೇಕು.

ಅಂತೆಯೇ ಮೋಳಿಗೆಯ ಮಾರಯ್ಯನ ಕಥೆಯೂ ಇದೆ. ಅವನು ಕಾಶ್ಮೀರದ ಅರಸನಾಗಿದ್ದನೆಂದೂ, ರಾಜ್ಯವನ್ನು ತೊರೆದು ಪತ್ನಿಯೊಡನೆ ಕಲ್ಯಾಣಕ್ಕೆ ಬಂದು ಕಟ್ಟಿಗೆಯ ಹೊರೆಯನ್ನು ಮಾರುವ ಕಾಯಕವನ್ನು ಕೈಕೊಂಡನೆಂದೂ ಪರಂಪರೆಯು ಹೇಳುವುದು. ಅಧಿಕಾರದಿಂದ ನಿವೃತ್ತರಾದವರಿಗೆ ಈ ಕಥೆಯಲ್ಲಿ ಒಂದು ಪಾಠವುಂಟು. ಕಚೇರಿಯಲ್ಲಿದ್ದಾಗ ಹತ್ತು ಜನ ಎದ್ದು ನಿಲ್ಲುತ್ತಿದ್ದರು, ಈಗ ಯಾರೂ ಏಳುವುದಿಲ್ಲವೆಂಬ ಕೊರಗು ಅನೇಕರನ್ನು ಒಳಗೊಳಗೆ ತಿನ್ನುವುದು. ಅಂಥವರು ಗೋಷ್ಠಿಗೆ ಬಂದರೂ ಕುರ್ಚಿಯನ್ನು ಹುಡುಕುವರು. ಮಾರಯ್ಯನು ಸಿಂಹಾಸನದ ನೆನಪನ್ನು ಹೊತ್ತು ಬರಲಿಲ್ಲ, ಕಟ್ಟಿಗೆಯ ಹೊರೆಯನ್ನು ಹೊತ್ತು ಬಂದನು. ಆದುದರಿಂದಲೇ ಶರಣರು ಅವನನ್ನು ತಮ್ಮವನೆಂದು ಬಗೆದರು.

ಆಯ್ದಕ್ಕಿ ಮಾರಯ್ಯನ ಮನೆಯಲ್ಲಿ ಕಲಿಸಿದವಳು ಪತ್ನಿಯಾದ ಲಕ್ಕಮ್ಮ. ಪತಿಯು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಅತಿಯಾಸೆಯು ಶರಣರಿಗೆ ಸಲ್ಲದೆಂದು ಆಕೆ ತಿಳಿಹೇಳಿದಳು. ಅವನು ಅದನ್ನು ಒಪ್ಪಿ ನಡೆದನು. ವಿದ್ಯೆಯು ಗಂಡಸಿನಿಂದ ಹೆಂಗಸಿಗೆ, ಹಿರಿಯನಿಂದ ಕಿರಿಯನಿಗೆ ಒಂದೇ ದಿಕ್ಕಿನಲ್ಲಿ ಹರಿಯತಕ್ಕದ್ದೆಂಬ ಕಟ್ಟಳೆಯು ಶರಣರಲ್ಲಿ ಇರಲಿಲ್ಲ. ಯಾರಲ್ಲಿ ಅರಿವು ಇದೆಯೋ ಅವರು ಅಂದಿನ ಮಟ್ಟಿಗೆ ಗುರು, ಯಾರಿಗೆ ಬೇಕೋ ಅವರು ಶಿಷ್ಯರು. ಅನ್ನದಾಸೋಹದಂತೆಯೇ ಇದು ಜ್ಞಾನದಾಸೋಹವು. ದಾಸೋಹದಲ್ಲಿ ನೀಡುವವನು ತಾನು ದಾಸನೆಂದು ತಿಳಿಯುವನು, ದಾನಿಯೆಂದು ಬೀಗುವುದಿಲ್ಲ. ಹಿರಿಯರು ಕಲಿಸುವಾಗಲೂ ಈ ದಾಸಭಾವವೇ ಇರತಕ್ಕದ್ದು.

ಈ ತತ್ತ್ವವನ್ನು ಈಚಿನ ಕಾಲದಲ್ಲಿ ದೂರದ ದೇಶದವರೂ ತಮ್ಮ ದಾರಿಯಿಂದ ಕಂಡುಕೊಂಡಿರುವರು. 1973ರಲ್ಲಿ ಫ್ರಾನ್ಸ್ ದೇಶದ ತುಲೂಸ್ ನಗರದಲ್ಲಿ ಪಿಯರ್ ವೆಲ್ಲಾಸ್ ಎಂಬ ಪ್ರಾಧ್ಯಾಪಕನು ನಿವೃತ್ತರಾದವರಿಗಾಗಿ ಒಂದು ವಿದ್ಯಾಪೀಠವನ್ನು ತೆರೆದನು. ಅದಕ್ಕೆ ಮೂರನೆಯ ವಯಸ್ಸಿನವರ ವಿಶ್ವವಿದ್ಯಾಲಯವೆಂದು ಹೆಸರಾಯಿತು. ಅಲ್ಲಿ ಪ್ರಾಧ್ಯಾಪಕರು ಪಾಠ ಹೇಳುವರು, ಹಿರಿಯರು ಕೇಳುವರು. 1980ರ ದಶಕದ ಆರಂಭದಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಪೀಟರ್ ಲ್ಯಾಸ್ಲೆಟ್ ಮೊದಲಾದವರು ಅದೇ ಹೆಸರಿನಿಂದ ಬೇರೊಂದು ಪದ್ಧತಿಯನ್ನು ತಂದರು. ಅಲ್ಲಿ ಹೊರಗಿನ ಅಧ್ಯಾಪಕರಿಲ್ಲ, ಪರೀಕ್ಷೆಯಿಲ್ಲ, ಪದವಿಯಿಲ್ಲ. ಕೂಡಿದ ಹಿರಿಯರಲ್ಲಿ ಒಬ್ಬರಿಗೆ ಚರಿತ್ರೆಯು ತಿಳಿದಿದ್ದರೆ ಅವರು ಚರಿತ್ರೆಯನ್ನು ಹೇಳುವರು. ಇನ್ನೊಬ್ಬರಿಗೆ ತೋಟಗಾರಿಕೆಯು ತಿಳಿದಿದ್ದರೆ ಮೊದಲನೆಯವರು ಅವರ ಮುಂದೆ ಶಿಷ್ಯರಾಗಿ ಕುಳಿತುಕೊಳ್ಳುವರು. ಈ ಎರಡನೆಯ ಪದ್ಧತಿಯು ಅನುಭವಗೋಷ್ಠಿಗೆ ಎಷ್ಟು ಸಮೀಪವಾಗಿದೆ ಎಂಬುದನ್ನು ಸದ್ಭಕ್ತರು ಗಮನಿಸಬೇಕು. ಹಿರಿಯರನ್ನು ಸಾಲಾಗಿ ಕೂರಿಸಿ ಉಪದೇಶಿಸುವುದು ಸುಲಭ. ಅವರಲ್ಲಿರುವುದನ್ನು ಹೊರತರುವುದು ಕಠಿಣ, ಆದರೆ ಅದೇ ಶ್ರೇಷ್ಠ.

ಅಕ್ಷರವನ್ನೇ ಅರಿಯದವರಿಗೆ ಈ ವಯಸ್ಸಿನಲ್ಲಿ ಏನು ಸಾಧ್ಯವೆಂದು ಕೇಳುವವರೂ ಉಂಟು. ಅವರಿಗೆ ನೆರೆಯ ಕೇರಳವು ಉತ್ತರ ಕೊಟ್ಟಿದೆ. ಆಲಪ್ಪುಳ ಜಿಲ್ಲೆಯ ಕಾರ್ತ್ಯಾಯನಿ ಅಮ್ಮ ಎಂಬ ವೃದ್ಧೆಯು 2018ರಲ್ಲಿ ತನ್ನ 96ನೆಯ ವಯಸ್ಸಿನಲ್ಲಿ ಆ ರಾಜ್ಯದ ಸಾಕ್ಷರತಾ ಪರೀಕ್ಷೆಗೆ ಕುಳಿತು 100ಕ್ಕೆ 98 ಅಂಕಗಳನ್ನು ಪಡೆದಳು. ಮುಂದೆ ರಾಷ್ಟ್ರಪತಿಗಳಿಂದ ನಾರೀಶಕ್ತಿ ಪುರಸ್ಕಾರವನ್ನೂ ಸ್ವೀಕರಿಸಿದಳು. ಆ ಪುರಸ್ಕಾರಕ್ಕಿಂತ ದೊಡ್ಡದು, ತನ್ನ ಹೆಸರನ್ನು ತಾನೇ ಬರೆಯಬಲ್ಲೆನೆಂಬ ಧೈರ್ಯ. ಈ ನಾಡಿನ ಹಳ್ಳಿಗಳಲ್ಲಿಯೂ ಗಂಡನು ತೀರಿದ ಮೇಲೆ ಹೊಲದ ಕಾಗದಕ್ಕೆ ಹೆಬ್ಬೆಟ್ಟನ್ನು ಒತ್ತುವ ತಾಯಂದಿರು ಇನ್ನೂ ಇರುವರು. ಆ ಕಾಗದದಲ್ಲಿ ಏನು ಬರೆದಿದೆ ಎಂಬುದು ಅವರಿಗೆ ತಿಳಿಯದು. ಓದಿ ಹೇಳುವವರ ಮನಸ್ಸು ಹೇಗಿದೆ ಎಂಬುದೂ ತಿಳಿಯದು. ಒಂದು ಸಹಿಯನ್ನು ಕಲಿತ ತಾಯಿಯು ತನ್ನ ಅನ್ನವನ್ನು ತಾನು ಕಾಪಾಡಿಕೊಳ್ಳಬಲ್ಲಳು. ಅಕ್ಷರವೆಂದರೆ ಇಲ್ಲಿ ಅಲಂಕಾರವಲ್ಲ, ರಕ್ಷಣೆ.

ವೈದ್ಯಶಾಸ್ತ್ರವೂ ಈ ಮಾತನ್ನೇ ಬೇರೆ ಬಗೆಯಲ್ಲಿ ಹೇಳುತ್ತಿದೆ. ಮರೆವಿನ ರೋಗದ ವಿಷಯವಾಗಿ ಲ್ಯಾನ್ಸೆಟ್ ಎಂಬ ವೈದ್ಯಪತ್ರಿಕೆಯು ನೇಮಿಸಿದ ವಿದ್ವಾಂಸರ ಮಂಡಲಿಯು 2024ರಲ್ಲಿ ತಡೆಯಬಹುದಾದ 14 ಕಾರಣಗಳನ್ನು ಎಣಿಸಿತು. ಅವುಗಳಲ್ಲಿ ರಕ್ತದೊತ್ತಡ, ಸಕ್ಕರೆ ರೋಗಗಳ ಜೊತೆಗೆ ವಿದ್ಯೆಯ ಕೊರತೆ, ಕಿವಿಯ ಮಂದತೆ, ದೃಷ್ಟಿಯ ಮಂದತೆ, ಜನಸಂಗವಿಲ್ಲದಿರುವಿಕೆ ಇವೂ ಸೇರಿವೆ. ಇವೆಲ್ಲ ಒಂದಕ್ಕೊಂದು ಹೆಣೆದುಕೊಂಡಿರುವುದನ್ನು ಯಾವ ಮನೆಯಲ್ಲಿಯೂ ಕಾಣಬಹುದು. ಕಿವಿಯು ಮಂದವಾದವರು ಮಾತನ್ನು ತಪ್ಪಾಗಿ ಕೇಳುವರು, ಸುತ್ತಲಿನವರು ನಗುವರು, ಆ ನಗೆಗೆ ಅಂಜಿ ಅವರು ಸಭೆಗೆ ಬರುವುದನ್ನು ಬಿಡುವರು, ಸಭೆಯನ್ನು ಬಿಟ್ಟ ಮೇಲೆ ಮಾತು ಕಡಿಮೆಯಾಗಿ ಮನಸ್ಸು ಮಂಕಾಗುವುದು. ಅಜ್ಜಿಗೆ ಅರಳುಮರಳು ಎಂದು ಮನೆಯವರು ಹೇಳುವ ಮೊದಲು ಆಕೆಯ ಕಿವಿಯನ್ನೂ ಕಣ್ಣಿನ ಪೊರೆಯನ್ನೂ ವೈದ್ಯರಿಗೆ ತೋರಿಸಿರುವರೋ ಎಂಬುದನ್ನು ತಮ್ಮನ್ನು ತಾವೇ ಕೇಳಿಕೊಳ್ಳಲಿ.

ಇಂತಹ ಗೋಷ್ಠಿಯನ್ನು ನಡೆಸುವುದಕ್ಕೆ ದೊಡ್ಡ ಕಟ್ಟಡವಾಗಲಿ ದೊಡ್ಡ ನಿಧಿಯಾಗಲಿ ಬೇಕಿಲ್ಲ. ಗದುಗಿನ ತೋಂಟದಾರ್ಯ ಮಠದಲ್ಲಿ ವಾರವಾರವೂ ನಡೆದುಬಂದ ಶಿವಾನುಭವದಂತೆ ಗೊತ್ತಾದ ದಿನದಲ್ಲಿ ತಪ್ಪದೆ ಕೂಡುವ ನಿಯಮವಿದ್ದರೆ ಸಾಕು. ಶ್ರಾವಣಮಾಸದಲ್ಲಿ ಪುರಾಣವನ್ನು ಕೇಳುವುದಕ್ಕೆ ಕೂಡುವ ಹಿರಿಯರು ಉಳಿದ ಹನ್ನೊಂದು ತಿಂಗಳು ಏಕೆ ಕೂಡಬಾರದು? ಮಠದ ಪಡಸಾಲೆಯೋ ಶಾಲೆಯ ಕೋಣೆಯೋ ಸಾಕು. ಹಗಲು ಊಟವಾದ ಮೇಲೆ, ಬಿಸಿಲು ಇಳಿಯುವ ಹೊತ್ತು ಉತ್ತಮ. ಕತ್ತಲಾದ ಮೇಲೆ ಕರೆದರೆ ಕಣ್ಣು ಮಂಜಾದವರು ಹೇಗೆ ಬಂದಾರು? ಮೆಟ್ಟಿಲಿಗೆ ಹಿಡಿಯಲು ಒಂದು ಕಟಕಟೆ, ನೆಲಕ್ಕೆ ಕೂರಲಾರದವರಿಗೆ ಬೆಂಚು, ಹತ್ತಿರದಲ್ಲಿ ಶೌಚಗೃಹ, ಕುಡಿಯಲು ನೀರು ಇವು ಇರಬೇಕು. ಕಿವಿ ಮಂದವಾದವರನ್ನು ಮುಂದೆ ಕೂರಿಸಬೇಕು. ಒಬ್ಬರು ಮಾತನಾಡುವಾಗ ಇನ್ನೊಬ್ಬರು ಮಾತನಾಡಬಾರದು. ಇಷ್ಟು ಸಣ್ಣ ಏರ್ಪಾಡುಗಳಿಲ್ಲದೆ ಎಷ್ಟೋ ಒಳ್ಳೆಯ ಸಭೆಗಳು ಬರಿದಾಗಿರುವುವು.

ಗೋಷ್ಠಿಯಲ್ಲಿ ಏನನ್ನು ಕಲಿಸಬೇಕು? ಒಬ್ಬೊಬ್ಬರೂ ತಮಗೆ ತಿಳಿದ ಒಂದು ವಿಷಯವನ್ನು ತರಲಿ. ಹಗೇವಿನಲ್ಲಿ ಜೋಳವನ್ನು ಕೆಡದಂತೆ ಇರಿಸುವುದು ಹೇಗೆ, ಅಕ್ಕಡಿ ಸಾಲಿನಲ್ಲಿ ಯಾವ ಕಾಳಿನ ಜೊತೆ ಯಾವುದನ್ನು ಬಿತ್ತಬೇಕು, ಬಿತ್ತನೆಯ ಬೀಜಕ್ಕೆ ಬೂದಿಯನ್ನು ಏಕೆ ಬೆರೆಸುವರು ಎಂಬುದನ್ನು ಮುದುಕನಾದ ಒಕ್ಕಲಿಗನು ಹೇಳಲಿ. ಹಳೆಯ ಬಟ್ಟೆಯ ತುಂಡುಗಳಿಂದ ಕೌದಿಯನ್ನು ಹೊಲಿಯುವ ತಾಯಿಯು ಅದನ್ನು ಕಲಿಸಲಿ. ಬೀಸುಕಲ್ಲಿನ ಪದಗಳನ್ನೂ ಹಂತಿಯ ಪದಗಳನ್ನೂ ಬಲ್ಲವರು ಹಾಡಲಿ, ಕಿರಿಯರು ಬರೆದುಕೊಳ್ಳಲಿ. ಪಹಣಿಯಲ್ಲಿ ಎಕರೆ, ಗುಂಟೆ, ಆಣೆ ಎಂದು ಬರೆದಿರುವುದನ್ನು ಇಂದಿನ ಪದವೀಧರರೂ ಓದಿ ತಬ್ಬಿಬ್ಬಾಗುವರು. ನಲವತ್ತು ಗುಂಟೆಗೆ ಒಂದು ಎಕರೆ, ಹದಿನಾರು ಆಣೆಗೆ ಒಂದು ಗುಂಟೆ ಎಂಬ ಲೆಕ್ಕವನ್ನು ನಿವೃತ್ತ ಶಾನುಭೋಗರು ಬೆರಳಿನ ಮೇಲೆ ಹೇಳಬಲ್ಲರು. ಹಳೆಯ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಜಿಲ್ಲೆಗಳ ಮನೆಗಳಲ್ಲಿ ಮೋಡಿ ಅಕ್ಷರದ ಕಾಗದಗಳು ಪೆಟ್ಟಿಗೆಯೊಳಗೆ ಬಿದ್ದಿರುವುವು. ಅವುಗಳನ್ನು ಓದಬಲ್ಲ ಮುದುಕರು ಊರಿಗೊಬ್ಬರೂ ಉಳಿದಿಲ್ಲ. ಉಳಿದವರು ಇರುವಾಗಲೇ ಕಲಿಯದಿದ್ದರೆ ಆ ಕಾಗದಗಳು ಕಣ್ಣಿದ್ದವರ ಕೈಯಲ್ಲಿಯೂ ಕುರುಡಾಗುವುವು.

ಇದಕ್ಕೆ ಪ್ರತಿಯಾಗಿ ಕಿರಿಯರು ಹಿರಿಯರಿಗೆ ಕಲಿಸಬೇಕಾದುದೂ ಬಹಳವಿದೆ. ದೂರವಾಣಿಯಲ್ಲಿ ಮಗಳ ಮುಖವನ್ನು ನೋಡುತ್ತ ಮಾತನಾಡುವುದನ್ನು, ಬ್ಯಾಂಕಿನ ಸಂದೇಶವನ್ನು ಓದುವುದನ್ನು, ಗುಪ್ತಸಂಖ್ಯೆಯನ್ನು ಯಾರಿಗೂ ಹೇಳದಿರುವುದನ್ನು ಕಲಿಸಬೇಕು. ಪೊಲೀಸರೆಂದು ಹೇಳಿಕೊಂಡು ದೂರವಾಣಿಯ ಮೂಲಕವೇ ಬಂಧಿಸಿರುವೆವೆಂದು ಹೆದರಿಸಿ ಮುದುಕರ ಜೀವಮಾನದ ಉಳಿತಾಯವನ್ನು ದೋಚುವ ವಂಚಕರು ಈಗ ಹುಟ್ಟಿಕೊಂಡಿರುವರು. ದೂರವಾಣಿಯ ಮೂಲಕ ಬಂಧಿಸುವ ಪದ್ಧತಿಯು ಕಾನೂನಿನಲ್ಲಿ ಇಲ್ಲವೇ ಇಲ್ಲ. ಇಂತಹ ಮೋಸವಾದರೆ 1930 ಎಂಬ ಸಂಖ್ಯೆಗೆ ಕೂಡಲೇ ತಿಳಿಸಬಹುದು. ಹಿರಿಯ ನಾಗರಿಕರ ಕಷ್ಟಗಳನ್ನು ಕೇಳುವುದಕ್ಕೆ 14567 ಎಂಬ ಸಂಖ್ಯೆಯೂ ಇದೆ. ತಂದೆತಾಯಿಗಳ ಪೋಷಣೆಯನ್ನು ಮಕ್ಕಳ ಕರ್ತವ್ಯವೆಂದು ಸಾರುವ ಕಾಯಿದೆಯನ್ನು ಭಾರತ ಸರಕಾರವು 2007ರಲ್ಲಿ ಮಾಡಿತು. ಕಾಯಿದೆಯು ಅನ್ನವನ್ನು ಕೊಡಿಸಬಹುದು. ಪಕ್ಕದಲ್ಲಿ ಕುಳಿತು ಮಾತನಾಡುವ ಮನಸ್ಸನ್ನು ಯಾವ ನ್ಯಾಯಾಧೀಶನೂ ಕೊಡಿಸಲಾರನು.

ಇಲ್ಲಿ ಒಂದು ಸಂದೇಹವು ಏಳಬಹುದು. ಮುಪ್ಪಿನಲ್ಲಿ ಲಿಂಗಪೂಜೆ, ನಾಮಸ್ಮರಣೆಗಳಲ್ಲಿ ಮನಸ್ಸನ್ನು ನಿಲ್ಲಿಸುವುದನ್ನು ಬಿಟ್ಟು ಕೌದಿಯ ಮಾತು, ಪಹಣಿಯ ಮಾತುಗಳೇಕೆ ಎಂದು ಕೆಲವರು ಕೇಳುವರು. ಪೂಜೆಯನ್ನು ಬಿಡೆಂದು ಯಾರೂ ಹೇಳುವುದಿಲ್ಲ. ಆದರೆ ನುಲಿಯ ಚಂದಯ್ಯನ ಚರಿತ್ರೆಯನ್ನು ಬಲ್ಲವರು ಕಾಯಕವನ್ನು ಪೂಜೆಯಿಂದ ಬೇರ್ಪಡಿಸಲಾರರು. ಲಿಂಗದ ಮುಂದೆ ಒಂದು ತಾಸು ಕುಳಿತೆದ್ದ ಮನಸ್ಸು ಉಳಿದ ಹೊತ್ತನ್ನೆಲ್ಲ ಸೊಸೆಯ ದೋಷಗಳನ್ನು ಎಣಿಸುವುದರಲ್ಲಿ ಕಳೆದರೆ ಆ ಪೂಜೆಯ ಫಲವೆಲ್ಲಿ ಉಳಿಯಿತು? ಬರಿದಾದ ಹೊತ್ತು ದೂರಿಗೂ ಕೊರಗಿಗೂ ಮನೆಯಾಗುವುದು. ಸತ್ಸಂಗದಿಂದಲೂ ಸತ್ಕಾರ್ಯದಿಂದಲೂ ತುಂಬಿದ ಹೊತ್ತೇ ಮನಸ್ಸನ್ನು ಪೂಜೆಗೆ ಹದಗೊಳಿಸುವುದು.

ಆದರೆ ಗೋಷ್ಠಿಗೂ ಕೆಡುವ ದಾರಿಗಳುಂಟು. ಅದು ಪರನಿಂದೆಯ ಕಟ್ಟೆಯಾಗಬಹುದು; ಚುನಾವಣೆಯ ಮಾತಿನಲ್ಲಿ ಎರಡು ಪಂಗಡವಾಗಬಹುದು; ಬಲ್ಲವರೆಂಬುವರು ಒಬ್ಬಿಬ್ಬರೇ ಮಾತನಾಡಿ ಉಳಿದವರು ತೂಕಡಿಸಬಹುದು. ಓಣಿಯ ಒಂದು ಜಾತಿಯವರನ್ನು ಕರೆದು ಇನ್ನೊಂದು ಜಾತಿಯವರನ್ನು ಬಾಗಿಲಿನಲ್ಲಿ ನಿಲ್ಲಿಸಿದರೆ ಅದು ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯರನ್ನು ಹಿರಿಯರೆಂದು ಎತ್ತಿಹಿಡಿದ ಶರಣರಿಗೆ ಮಾಡಿದ ಅಪಚಾರವಾಗುವುದು. ಗಂಡನನ್ನು ಕಳೆದುಕೊಂಡ ತಾಯಿಯನ್ನು ಶುಭಕಾರ್ಯವೆಂದು ಹೊರಗಿಟ್ಟರೂ ಅಪಚಾರವೇ. ಹಿರಿಯರೂ ತಮ್ಮ ಮಟ್ಟಿಗೆ ಒಂದು ವ್ರತವನ್ನು ಹಿಡಿಯಬೇಕು: ನಮ್ಮ ಕಾಲದಲ್ಲಿ ಎಲ್ಲವೂ ಚೆನ್ನಾಗಿತ್ತೆಂಬ ಮಾತನ್ನು ಬಿಟ್ಟುಬಿಡುವುದು. ಅವರ ಕಾಲದಲ್ಲಿ ಬರವೂ ಇತ್ತು, ಹೆಣ್ಣುಮಕ್ಕಳಿಗೆ ಶಾಲೆಯ ಬಾಗಿಲೂ ಮುಚ್ಚಿತ್ತು. ಇದ್ದುದನ್ನು ಇದ್ದಂತೆ ಹೇಳುವ ಹಿರಿಯನ ಮಾತನ್ನು ಕಿರಿಯರು ಕೇಳುವರು. ಹೋಲಿಸಿ ಹಳಿಯುವವನ ಮಾತಿಗೆ ಎದ್ದು ಹೋಗುವರು.

ಶರಣರ ವಚನಗಳು ಇಂದು ಜನರ ಕೈಗೆ ಸಿಕ್ಕಿರುವುದೂ ವಯಸ್ಸನ್ನು ಲೆಕ್ಕಿಸದ ಒಂದು ದುಡಿಮೆಯ ಫಲವೇ. ಫ.ಗು. ಹಳಕಟ್ಟಿಯವರು 1880ರಲ್ಲಿ ಜನಿಸಿದರು, ವಿಜಯಪುರದಲ್ಲಿ ವಕೀಲಿವೃತ್ತಿಯಲ್ಲಿದ್ದರು. ತಾಳೆಗರಿಗಳನ್ನು ಹುಡುಕುತ್ತ ಮನೆಮನೆಗಳನ್ನು ಅಲೆದು ಅವರು ಸಂಪಾದಿಸಿದ ವಚನಶಾಸ್ತ್ರಸಾರದ ಮೊದಲ ಭಾಗವು ಬೆಳಕಿಗೆ ಬಂದುದು 1923ರಲ್ಲಿ. ಆಗ ಅವರಿಗೆ ನಲವತ್ತು ದಾಟಿತ್ತು. ಶಿವಾನುಭವ ಪತ್ರಿಕೆಯನ್ನು ಆರಂಭಿಸಿದುದು 1926ರಲ್ಲಿ. 1964ರಲ್ಲಿ ಲಿಂಗೈಕ್ಯರಾಗುವವರೆಗೆ ವಚನಗಳ ಸೇವೆಯೇ ಅವರ ಬಾಳಾಗಿತ್ತು. ಅವರು ಹುಡುಕಿದ ಗರಿಗಳಾದರೂ ಎಲ್ಲಿದ್ದುವು? ಹಳೆಯ ಮನೆಗಳ ಜಂತಿಯ ಸಂದಿನಲ್ಲಿ, ದೇವರ ಮಾಡದಲ್ಲಿ, ಯಾರೂ ಬಿಚ್ಚಿ ನೋಡದ ಕಟ್ಟುಗಳಲ್ಲಿ. ಪೂಜೆಯು ನಡೆಯುತ್ತಿತ್ತು, ಓದುವವರಿರಲಿಲ್ಲ. ಇಂದಿನ ಮನೆಗಳ ಹಿರಿಯರೂ ಅಂತಹ ಕಟ್ಟುಗಳೇ. ಕುಂಕುಮ ವಿಭೂತಿಗಳನ್ನು ಏರಿಸಿ ಕೈಮುಗಿದರೆ ಸಾಲದು, ಬಿಚ್ಚಿ ಓದಬೇಕು. ತಾಳೆಗರಿಯಾದರೆ ಇನ್ನೊಂದು ತಲೆಮಾರು ಕಾದೀತು. ಮನುಷ್ಯನ ಆಯುಷ್ಯವು ಕಾಯದು.

ಆದುದರಿಂದ ಗೃಹಸ್ಥನು ಮಾಡಬೇಕಾದ ಕಾರ್ಯವು ಕಷ್ಟದ್ದೇನೂ ಅಲ್ಲ. ಇಂದು ರಾತ್ರಿ ಊಟಕ್ಕೆ ಕುಳಿತಾಗ ಮನೆಯ ಹಿರಿಯರನ್ನು ಒಂದು ಪ್ರಶ್ನೆ ಕೇಳಲಿ, ಉತ್ತರವು ಮುಗಿಯುವವರೆಗೆ ಏಳದಿರಲಿ. ನೆರೆಯಲ್ಲಿ ಒಂಟಿಯಾಗಿರುವವರನ್ನು ವಾರಕ್ಕೊಮ್ಮೆ ತನ್ನ ಮನೆಯವರ ಜೊತೆಗೆ ಕೈಹಿಡಿದು ಗೋಷ್ಠಿಗೆ ಕರೆತರಲಿ. ಊರಿನಲ್ಲಿ ಗೋಷ್ಠಿಯು ಇಲ್ಲದಿದ್ದರೆ ನಾಲ್ಕು ಜನ ಕೂಡಿ ಬರುವ ಸೋಮವಾರವೇ ಆರಂಭಿಸಲಿ. ಮೊದಲ ದಿನ ಐದು ಜನ ಬಂದರೂ ಸಾಕು. ಕರೆತಂದ ಹಿರಿಯರು ಮೊದಲ ವಾರ ಸುಮ್ಮನೆ ಕುಳಿತಿರಬಹುದು, ಎರಡನೆಯ ವಾರವೂ ಮಾತನಾಡದಿರಬಹುದು; ಕರೆಯುವುದನ್ನು ಮಾತ್ರ ಬಿಡಬಾರದು. ಬಹುದಿನ ಬಳಸದ ಬಾವಿಯಲ್ಲಿ ಮೊದಲು ಬರುವ ನೀರು ಕದಡಿರುವುದು ಸಹಜ. ಸೇದುತ್ತ ಹೋದರೆ ತಿಳಿನೀರು ಬಂದೇ ಬರುವುದು.